ಹತ್ತು ತುಂಬಲಿಲ್ಲ

ಮಾಗಡಿ ರಸ್ತೆಯ ಗದ್ದಲ ಗೋಡೆಯಾಚೆ.
ಗೋಡೆಯೀಚೆ, ಸಂಜೆ ಐದೂವರೆಗೆ,
ಒಂಬತ್ತು ಜನ ಗಂಡಸರು
ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತ ಗೇಟಿನತ್ತ ನೋಡುತ್ತಿದ್ದರು.

ಮನಶ್ಶೆ, ಅವನ ತಮ್ಮ,
ಕಾಕ್ಸ್ ಟೌನಿನಿಂದ ಆಟೋದಲ್ಲಿ ಬಂದ ಯೆಹೆಜ್ಕೇಲ್ ಮಾಮ,
ಠಾಣೆಯಿಂದ ರಾತ್ರಿ ರೈಲು ಹಿಡಿದ ನನ್ನ ಇಬ್ಬರು ಅಣ್ಣಂದಿರು,
ಕೊಚ್ಚಿಯ ಒಬ್ಬ ದಂತವೈದ್ಯ,
ಊರು ನೋಡಲು ಬಂದು ನಮ್ಮ ಕೈಗೆ ಸಿಕ್ಕ
ಮೂವರು ಇಸ್ರೇಲಿ ಹುಡುಗರು, ಬೆನ್ನ ಚೀಲದ ಸಮೇತ.
ಹತ್ತನೆಯವನು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿದ್ದ.
'ಇನ್ನು ಹತ್ತೇ ನಿಮಿಷ' ಅನ್ನುತ್ತಿತ್ತು ಫೋನು
ಮುಕ್ಕಾಲು ಗಂಟೆಯಿಂದ.

ಹತ್ತು ಗಂಡಸರು ಕೂಡದೆ ಕದ್ದೀಶ್ ಹೇಳುವಂತಿಲ್ಲ.
ಕಾವಲಿನ ಸಿದ್ಲಿಂಗಪ್ಪ ಪೊರಕೆ ಗೋಡೆಗೊರಗಿಸಿ ಬಂದು
'ನಾನು ನಿಂತ್ಕೊಳ್ಳಲಾ ಸಾರ್?' ಅಂದ.
ಮನಶ್ಶೆ ಅವನ ಭುಜ ಹಿಡಿದುಕೊಂಡ. ಮಾತಾಡಲಿಲ್ಲ.
ನಾನೂ ಅಲ್ಲೇ ಇದ್ದೆ, ಲೆಕ್ಕಕ್ಕೆ ಹತ್ತನೆಯವಳು.
ನಮ್ಮ ಲೆಕ್ಕದಲ್ಲಿ ಹೆತ್ತವಳು ಬರುವುದಿಲ್ಲ.

ಕತ್ತಲಾಯಿತು.
ಮೂವತ್ತನೆಯ ದಿನದ ಮಾತು ಮನಶ್ಶೆಯ ಗಂಟಲಲ್ಲೇ ಉಳಿಯಿತು.
ಆ ಪ್ರಾರ್ಥನೆಯಲ್ಲಿ ಸಾವು ಅನ್ನುವ ಶಬ್ದವೇ ಇಲ್ಲ, ಗೊತ್ತಾ?
ಬರೀ ನಿನ್ನ ಹೊಗಳಿಕೆ, ಮೊದಲಿಂದ ಕೊನೆವರೆಗೆ.

ಹತ್ತು ತುಂಬದೆ ಕಿವಿಗೊಡದವನೇ,
ನನ್ನ ಮಗಳಿಗೆ ಹತ್ತು ತುಂಬಲು
ಹತ್ತೊಂಬತ್ತು ದಿನ ಬಾಕಿಯಿತ್ತಲ್ಲ.
ಆಗ ಎಣಿಸುತ್ತಿದ್ದವರು ಯಾರು?
ನಾನು ಎಣಿಸುತ್ತಿದ್ದೆ. ಎಪ್ಪತ್ತು ಸಾವಿರ, ಮೂವತ್ತೆಂಟು, ಹದಿನಾರು,
ಪ್ರತಿ ಆರು ಗಂಟೆಗೊಮ್ಮೆ ನರ್ಸು ತರುತ್ತಿದ್ದ ಚೀಟಿ.
ಯಾರದೋ ಸೊಳ್ಳೆ, ಯಾವುದೋ ಸೈಟಿನ ನಿಂತ ನೀರು.

ಎಲಿಶೇವಾ ಎಂದು ಹೆಸರಿಟ್ಟೆವು. ನನ್ನ ದೇವರೇ ಆಣೆ, ಎಂದರ್ಥ.
ಹೂವಿನ ಮುನಿತಾಯಮ್ಮನಿಗೆ ನಾಲಿಗೆ ತಿರುಗಲಿಲ್ಲ,
ಸೇವಂತಿ ಅಂದಳು, ಬೀದಿಯೂ ಸೇವಂತಿ ಅಂದಿತು.
ಆಣೆ ಮುರಿದರೂ ಹೂವಿನ ಹೆಸರು ಹಾಗೇ ಇದೆ.
ಏಳು ದಿನ ನೆಲದ ಮೇಲೆ ಕೂತಿದ್ದಾಗ ಅವಳು ಬಂದು
ಬಟ್ಟೆ ಮುಚ್ಚಿದ ಕನ್ನಡಿ ನೋಡಿದಳು,
ಎದೆಯ ಹತ್ತಿರ ಹರಿದ ನನ್ನ ರವಿಕೆ ನೋಡಿದಳು.
'ನಿಮ್ಮಲ್ಲಿ ಫೋಟೋಗೆ ಹೂ ಹಾಕಲ್ವಾ ತಾಯಿ?'
ಇಲ್ಲ. ಸಮಾಧಿಯ ಮೇಲೆ ಕಲ್ಲಿಡುತ್ತೇವೆ.
'ಮಗೀಗೆ ಕಲ್ಲಾ' ಎಂದು ಒಂದು ಮೊಳ ಕತ್ತರಿಸಿ ಮಡಿಲಿಗೆ ಹಾಕಿದಳು.
ಅದನ್ನು ಒಯ್ದು ಇಟ್ಟೆ,
ಹಾರಿಹೋಗದಂತೆ ಮೇಲೊಂದು ಕಲ್ಲು.

ಏಳರ ನಡುವೆ ಶುಕ್ರವಾರ ಬಂತು.
ಸಬ್ಬತ್ತಿಗೆ ಸೂತಕವಿಲ್ಲ.
ಏಳು, ಅಂದಿತು ಮಾಮನ ದನಿ, ಮುಖ ತೊಳೆ, ರವಿಕೆ ಬದಲಿಸು.
ಎದ್ದೆ. ಯಾಕೆ ಎದ್ದೆನೋ ಇವತ್ತಿಗೂ ಗೊತ್ತಿಲ್ಲ.
ಗಾಜಿನ ಲೋಟದ ನೀರ ಮೇಲೆ ಎಣ್ಣೆ ಹೊಯ್ದು ಬತ್ತಿ ಹಚ್ಚಿ
ಕಣ್ಣಿಗೆ ಕೈ ಮುಚ್ಚಿದೆ.
ಆ ಕತ್ತಲಲ್ಲಿ ನಿನಗೆ ನಾನಂದದ್ದು
ಇಲ್ಲಿ ಬರೆಯುವಂಥದ್ದಲ್ಲ.
ಆದರೆ ನಿನಗೇ ಅಂದೆ. ಬೇರೆ ಯಾರಿಗೂ ಅಲ್ಲ.

ಆಮೇಲೆ ಹರಸುವ ಹೊತ್ತು.
ಸಾರಳಂತೆ, ರೆಬೆಕ್ಕಳಂತೆ, ರಾಹೇಲಳಂತೆ, ಲೇಯಳಂತೆ ಆಗು ಎಂದು
ಅವಳ ತಲೆಯ ಮೇಲೆ ಇಡುತ್ತಿದ್ದ ಕೈ
ರೂಢಿಯಿಂದ ಚಾಚಿಕೊಂಡಿತು.
ಮನಶ್ಶೆ ಬಗ್ಗಿ
ತನ್ನ ನರೆತ ತಲೆಯನ್ನು ಅದರಡಿಗೆ ತಂದ.

ಬಾಡಿಗೆ ಮನೆ ಬಿಡುವ ಮಾತು ಎರಡು ಸಲ ಬಂತು.
ಬಾಗಿಲ ಕಂಬ ಬಿಟ್ಟು ಹೋಗಲಾರೆ.
ನಿನ್ನ ಮಾತು ಬರೆದ ಸುರುಳಿಯ ಮೆಜುಜಾ ಅಲ್ಲಿ ಓರೆಯಾಗಿದೆ.
ಸ್ಕೂಲಿಗೆ ಹೊರಡುವಾಗ ಹಾರಿ ಮುಟ್ಟಿ
ಬೆರಳಿಗೆ ಮುತ್ತಿಡುತ್ತಿದ್ದಳು. ಬೂಟು ಠಪ್ಪೆನ್ನುತ್ತಿತ್ತು.
ಅದೇ ಕಂಬಕ್ಕೆ ಪೆನ್ಸಿಲ್ಲಿನ ಗೀಟುಗಳು, ತಾರೀಖಿನೊಂದಿಗೆ.
ಕೊನೆಯದು ಜೂನ್ ಒಂದು.
ಅಲ್ಲಿಂದ ನಿನ್ನವರೆಗೆ ಅಳೆದು ನೋಡಿದೆ.
ಎರಡು ಗೇಣು, ನಾಲ್ಕು ಬೆರಳು.